ಶಾಲು ತೆಗೆಯುವ ಜಾಗ

ಆ ಊರಿನಲ್ಲಿ ಶಾಲು ಹೊದೆಯದವರೇ ಇರಲಿಲ್ಲ. ಬೆಟ್ಟದ ನೆತ್ತಿಯ ಊರು. ಬೆಳಗಿನ ಮಂಜು ಮನಸ್ಸಿದ್ದರೆ ಊಟದ ಹೊತ್ತಿಗೆ ಎದ್ದು ಹೋಗುತ್ತಿತ್ತು, ಇಲ್ಲದಿದ್ದರೆ ಸಂಜೆಯವರೆಗೂ ಬೀದಿಯಲ್ಲೇ ಬಿದ್ದುಕೊಂಡಿರುತ್ತಿತ್ತು. ಇಷ್ಟು ಜನ ಶಾಲು ಹೊದ್ದು ಓಡಾಡಿದರೂ ಶಾಲಕ್ಕ ಎಂಬ ಹೆಸರು ಅಂಟಿಕೊಂಡದ್ದು ಒಬ್ಬಳಿಗೇ, ಅದೂ ಅವಳು ಶಾಲು ತೆಗೆಯುತ್ತಿದ್ದ ರೀತಿಗೆ. ಯಾರದೋ ಮನೆಗೆ ಹೋಗಿ, ಅಡುಗೆಮನೆ, ಬಚ್ಚಲು, ಮೆಟ್ಟಿಲ ಕೆಳಗಿನ ಮೂಲೆ ಎಲ್ಲ ಸುತ್ತಿ, ಒಂದು ಕಡೆ ಗಕ್ಕನೆ ನಿಂತು ಶಾಲು ತೆಗೆದು ತೋಳಿನ ಮೇಲೆ ಹಾಕಿಕೊಂಡಳೆಂದರೆ ಮನೆಯವರ ಮುಖ ಸಣ್ಣಗಾಗುತ್ತಿತ್ತು. ಇನ್ನು ಇವಳು ಮಂಡಿಯೂರುತ್ತಾಳೆ, ಟಾರ್ಚ್ ಬಿಡುತ್ತಾಳೆ, ನಾವು ಮರೆತೇಬಿಟ್ಟಿದ್ದ ಏನನ್ನೋ ಹೊರಗೆ ಎಳೆಯುತ್ತಾಳೆ ಎಂದು ಅವರಿಗೆ ಗೊತ್ತಿತ್ತು.

ಶಾಲಕ್ಕ ಆರೋಗ್ಯ ಕೇಂದ್ರದ ಕೆಲಸದವಳು. ಮನೆಮನೆಗೂ ಹೋಗಿ ನಿಂತ ನೀರು ನೋಡುವುದು, ಅದರಲ್ಲಿ ಸೊಳ್ಳೆಯ ಮರಿಹುಳು ಇದ್ದರೆ ಚೆಲ್ಲಿಸುವುದು, ಇಷ್ಟೇ ಅವಳ ಕೆಲಸ. ಕೆಳಗಿನ ಬಯಲಿನ ಊರುಗಳಲ್ಲಾದರೆ ಇದಕ್ಕೆ ಯಾರೂ ನಗುವುದಿಲ್ಲ. ಅಲ್ಲಿ ಸೊಳ್ಳೆ ಮನೆಮಂದಿಯ ಜೊತೆಗೇ ಉಂಡು ಮಲಗುತ್ತದೆ. ಬೆಟ್ಟದ ಊರಿನವರಿಗೆ ಮಾತ್ರ ಇದೊಂದು ತಮಾಷೆ. ನೊಣ ಹೊಡೆಯುತ್ತ ಕೂತವರನ್ನು ಕಂಡಿದ್ದೇವೆ, ಇಲ್ಲದ ಸೊಳ್ಳೆ ಹುಡುಕಿಕೊಂಡು ಚಪ್ಪಲಿ ಸವೆಸುವವಳನ್ನು ಇಲ್ಲಿಯೇ ಕಂಡದ್ದು ಎಂದು ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತವರು ಅವಳಿಗೆ ಕೇಳಿಸುವಂತೆಯೇ ಅನ್ನುತ್ತಿದ್ದರು. ಅವಳು ಕೇಳಿಸಿಕೊಂಡು, ಅದೇ ಬೆಂಚಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಮುಂದೆ ಹೋಗುತ್ತಿದ್ದಳು. ಸಿಟ್ಟು ಬರುತ್ತಿರಲಿಲ್ಲವೇ ಅಂದರೆ, ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಇಂದು ಸಿಟ್ಟು ತೋರಿಸಿದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ನೀರು ಹುಡುಕುವ ಕೆಲಸದಲ್ಲಿ ಬಿಸುಪು ಹುಡುಕಬೇಕೆಂದು ಹೇಳಿಕೊಟ್ಟವರು ಆರೋಗ್ಯ ಕೇಂದ್ರದ ಡಾಕ್ಟರಮ್ಮ. ಮಾತು ಕಡಿಮೆ, ಮಾಡಿ ತೋರಿಸುವುದು ಜಾಸ್ತಿ, ಅಂಥ ಹೆಂಗಸು. ಶಾಲಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಬಯಲಿನ ಊರಿನಿಂದ ಒಂದು ಬಾಟಲಿ ಮರಿಹುಳು ತರಿಸಿ ಗಾಜಿನ ಲೋಟಗಳಿಗೆ ಹಂಚಿ, ಮೇಲೆ ತೆಳು ಬಟ್ಟೆ ಕಟ್ಟಿದರು. ಒಂದು ಲೋಟವನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟರು, ಇನ್ನೊಂದನ್ನು ರೂಮ್ ಹೀಟರಿನ ತಲೆಯ ಮೇಲೆಯೇ ಕೂರಿಸಿದರು, ಮತ್ತೊಂದನ್ನು ಹೀಟರಿನ ಹತ್ತಿರದ ಕಪಾಟಿನೊಳಗೆ. ಹೀಟರಿನ ಮೇಲಿನ ಹುಳುಗಳು ಅದೇ ಮಧ್ಯಾಹ್ನ ಸತ್ತು ತೇಲಿದವು. ಕಿಟಕಿಯ ಹೊರಗಿನವು ದಾರದ ಚೂರಿನ ಹಾಗೆ ತಳದಲ್ಲಿ ಬಿದ್ದುಕೊಂಡವು. ಲೋಟಕ್ಕೆ ಬೆರಳಿನಿಂದ ತಟ್ಟಿದರೆ, ಯಾಕಮ್ಮಾ ಎಬ್ಬಿಸುತ್ತೀ ಎಂಬಂತೆ ಒಮ್ಮೆ ಹೊರಳಿ ಸುಮ್ಮನಾಗುತ್ತಿದ್ದವು. ಕಪಾಟಿನೊಳಗಿನವು ಮಾತ್ರ ಕುಣಿದು ಕುಪ್ಪಳಿಸಿ, ದಪ್ಪಗಾಗಿ, ಒಂದು ಬೆಳಿಗ್ಗೆ ನೋಡಿದರೆ ಬಟ್ಟೆಯ ಒಳಮೈಗೆ ಅಂಟಿಕೊಂಡು ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆಗಳು ಕೂತಿದ್ದವು.

ಸೊಳ್ಳೆಗೆ ಸ್ವಂತ ಬಿಸಿ ಅನ್ನುವುದು ಇಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ. ಚಳಿ ಹೆಚ್ಚಾದರೆ ರೆಕ್ಕೆ ಏಳುವುದಿಲ್ಲ, ಬಿಸಿ ಹೆಚ್ಚಾದರೆ ಜೀವ ನಿಲ್ಲುವುದಿಲ್ಲ. ನಡುವೆ ಹಿತವಾದ ಒಂದು ಪಟ್ಟಿ ಇದೆ, ಅಷ್ಟೇ ಅದರ ರಾಜ್ಯ. ರೋಗದ ಕಥೆಯೂ ಅದೇ. ಜ್ವರದವನ ರಕ್ತ ಕುಡಿದ ಸೊಳ್ಳೆಯ ಮೈಯೊಳಗೆ ರೋಗ ಬಲಿಯಬೇಕು, ಬಲಿಯಲು ಬಿಸುಪು ಬೇಕು. ಚಳಿಯಲ್ಲಿ ಅದು ಬಲಿಯುವಷ್ಟರಲ್ಲಿ ಸೊಳ್ಳೆಯೇ ಮುದಿಯಾಗಿ ಸತ್ತಿರುತ್ತದೆ. ಹಾಗಾದರೆ ನಮ್ಮ ಊರಿನಲ್ಲಿ ನನಗೇನು ಕೆಲಸ ಎಂದು ಶಾಲಕ್ಕ ಕೇಳಿದ್ದಳು. ಊರು ತಣ್ಣಗಿದೆ, ಊರಿನ ಮೂಲೆಮೂಲೆಯೂ ತಣ್ಣಗಿದೆಯಾ ಅಂತ ನೋಡುವುದೇ ಕೆಲಸ ಎಂದು ಡಾಕ್ಟರಮ್ಮ ಕಪಾಟಿನ ಬಾಗಿಲು ಮುಚ್ಚಿದ್ದರು.

ಆ ಒಂದು ಮಾತನ್ನು ಶಾಲಕ್ಕ ಎಷ್ಟು ಶ್ರದ್ಧೆಯಿಂದ ಹಿಡಿದುಕೊಂಡಳೆಂದರೆ, ಹೇಳಿದವರಿಗೇ ಆಶ್ಚರ್ಯವಾಗಬೇಕು. ಥರ್ಮಾಮೀಟರು ಚೀಲದಲ್ಲಿರುತ್ತಿತ್ತು, ಆದರೆ ಅದನ್ನು ತೆಗೆಯುವ ಮೊದಲು ಅವಳ ಮೈ ಹೇಳಬೇಕು. ಶಾಲು ಭಾರ ಅನ್ನಿಸಿದ ಕಡೆ ನಿಂತುಬಿಡುತ್ತಿದ್ದಳು. ಹೋಟೆಲಿನ ಫ್ರಿಜ್ಜಿನ ಹಿಂದೆ, ಮೋಟಾರಿನ ಬಿಸಿಗೆ ಸದಾ ಬೆಚ್ಚಗಿರುವ ನೀರಿನ ತಟ್ಟೆಯೊಂದು ಇರುತ್ತದೆಂದು ಹೋಟೆಲಿನವನಿಗೇ ತಿಳಿದಿರಲಿಲ್ಲ. ಇವಳು ಎಳೆದು ತೋರಿಸಿದಾಗ ಅದರಲ್ಲಿ ಹುಳುಗಳು ಹಬ್ಬ ಮಾಡುತ್ತಿದ್ದವು. ಲಾಡ್ಜಿನ ಬಾಯ್ಲರಿನ ಪಕ್ಕ ಮರೆತ ಬಕೆಟ್ಟು, ಬಟ್ಟೆ ಒಗೆಯುವ ಮಳಿಗೆಯ ಇಸ್ತ್ರಿ ಕೋಣೆಯ ನೀರಿನ ಡಬ್ಬ, ಹೀಗೆ ಊರಿನ ಬೆಚ್ಚನೆಯ ಮೂಲೆಗಳೆಲ್ಲ ಅವಳಿಗೆ ಬಾಯಿಪಾಠ. ಎಲ್ಲಿಯೂ ಜೋರು ಮಾಡಿದವಳಲ್ಲ. ನೀರು ತಾನೇ ಚೆಲ್ಲಿ, ಪಾತ್ರೆಯ ಒಳಮೈಯನ್ನು ಬ್ರಷ್ಷಿನಿಂದ ತಾನೇ ಉಜ್ಜಿ, ಬೋರಲು ಹಾಕಿ ಬರುತ್ತಿದ್ದಳು. ಬರೀ ಚೆಲ್ಲಿದರೆ ಸಾಲದು, ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಮೇಲೆ ಪಾತ್ರೆಗೆ ಅಂಟಿಸಿರುತ್ತದೆ, ಅದು ತಿಂಗಳುಗಟ್ಟಲೆ ಒಣಗಿಕೊಂಡಿದ್ದು ಮತ್ತೆ ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ ಎಂದು ಉಜ್ಜುತ್ತಲೇ ವಿವರಿಸುತ್ತಿದ್ದಳು. ಕೇಳುವವರು ಆಕಳಿಸುತ್ತಿದ್ದರು.

ಊರೆಲ್ಲ ಸುತ್ತಿ ಸಂಜೆ ಅವಳು ಬಂದು ಸೇರುತ್ತಿದ್ದದ್ದು ಅಕ್ಕನ ಬೇಕರಿಗೆ. ತಾಯಿ ಹೋದಾಗ ಶಾಲಕ್ಕ ಇನ್ನೂ ಲಂಗದ ಹುಡುಗಿ. ಅಕ್ಕ ಮದುವೆಯಾಗಿ ಬೇಕರಿಯ ಮನೆಗೆ ಬರುವಾಗ ಟ್ರಂಕಿನ ಜೊತೆ ತಂಗಿಯನ್ನೂ ಕರೆದುಕೊಂಡೇ ಬಂದಿದ್ದಳು, ಇವಳಿಲ್ಲದೆ ನಾನಿಲ್ಲ ಎಂದು ಅತ್ತೆಗೆ ಹೊಸಿಲಲ್ಲೇ ಹೇಳಿದ್ದಳಂತೆ. ಶಾಲಕ್ಕನಿಗೆ ಮದುವೆ ಕೂಡಿಬರಲಿಲ್ಲ. ಆರೋಗ್ಯ ಕೇಂದ್ರದ ಹಿಂದೆ ಒಂದು ರೂಮಿತ್ತು, ಮಲಗಲು ಅಷ್ಟೇ. ತವರು ಅಂದರೂ ಮನೆ ಅಂದರೂ ಅವಳ ಪಾಲಿಗೆ ಅಕ್ಕನೇ. ಊರಿಗೆಲ್ಲ ಶಾಲಕ್ಕನಾದವಳು ಆ ಮನೆಯಲ್ಲಿ ಮಾತ್ರ, ತಲೆಗೂದಲು ಬೆಳ್ಳಗಾದ ಮೇಲೂ, ಪುಟ್ಟಿ.

ಬೇಕರಿ ಉದ್ದಕ್ಕೆ ರೈಲು ಡಬ್ಬಿಯಂತಿತ್ತು. ಹಿಂದೆ ಭಟ್ಟಿ, ಅಲ್ಲಿ ಭಾವ ಬನಿಯನ್ನಿನಲ್ಲಿ ಬೆವರು ಸುರಿಸುತ್ತಿದ್ದರು. ಮುಂದೆ ಅಂಗಡಿ, ಅಲ್ಲಿ ಅಕ್ಕ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುತ್ತಿದ್ದಳು. ಇವೆರಡರ ನಡುವೆ, ಕಿಟಕಿಯಿಲ್ಲದ, ಮಬ್ಬುಗತ್ತಲೆಯ ಒಂದು ಕೋಣೆ. ನಡುಕೋಣೆ ಎಂದೇ ಕರೆಯುತ್ತಿದ್ದರು. ಕಲಸಿದ ಹಿಟ್ಟು ಅಲ್ಲಿ ಹಲಗೆಗಳ ಮೇಲೆ ಬಟ್ಟೆ ಹೊದ್ದು ಕೂತು ಉಬ್ಬುತ್ತಿತ್ತು. ಹಿಟ್ಟಿನ ಮೇಲ್ಮೈ ಒಣಗಿ ಬಿರಿಯಬಾರದೆಂದು ಹಲಗೆಗಳ ಕೆಳಗೆ ಗೋಡೆಯುದ್ದಕ್ಕೂ ಮಣ್ಣಿನ ಬೋಗುಣಿಗಳಲ್ಲಿ ನೀರು ಇಟ್ಟಿರುತ್ತಿತ್ತು. ಆ ನೀರಿಗೊಂದು ಕಟ್ಟಳೆ. ಅದನ್ನು ಚೆಲ್ಲಕೂಡದು, ಆರಿದಷ್ಟು ಮೇಲಿನಿಂದ ತುಂಬಿಸಬೇಕು, ಅಷ್ಟೇ. ಹಳೆಯ ನೀರಿನ ಹುಳಿ ಗಾಳಿಯೇ ಹಿಟ್ಟನ್ನು ಎತ್ತುತ್ತದೆ ಎಂದು ಅಕ್ಕನ ಅತ್ತೆ ನಂಬಿದ್ದರು, ಅತ್ತೆಯಿಂದ ಅಕ್ಕ ನಂಬಿದ್ದಳು. ಲಂಗದ ಹುಡುಗಿಯಾಗಿದ್ದಾಗ ಚೊಂಬು ಹಿಡಿದು ಆ ಬೋಗುಣಿಗಳಿಗೆ ನೀರು ತುಂಬಿಸುತ್ತಿದ್ದವಳು ಪುಟ್ಟಿಯೇ.

ನಡುಕೋಣೆಯೊಳಗೆ ಒಂದು ಬೆಂಚಿತ್ತು, ಬಾಗಿಲ ಪಕ್ಕ ಒಂದು ಮೊಳೆಯಿತ್ತು. ಮೊಳೆ ಪುಟ್ಟಿಯ ಶಾಲಿಗೆ. ಬಂದವಳೇ ಶಾಲು ತೆಗೆದು ಮೊಳೆಗೆ ಹಾಕಿ, ಉಸ್ಸೆಂದು ಬೆಂಚಿನ ಮೇಲೆ ಕೂತರೆ ಅಕ್ಕ ಟೀ ತಂದಿಡುತ್ತಿದ್ದಳು. ಬೆಂಚು ಅಕ್ಕನಿಗೆ ಬೇಕಾದವರಿಗೆ. ಅಕ್ಕನ ಬಾಯಿ ಖಾರ. ಗಿರಾಕಿಯ ಮುಖ ನೋಡಿದರೆ ಬೈಗುಳವೇ ಮೊದಲು, ಬನ್ನು ಆಮೇಲೆ. ಆದರೆ ಮನಸ್ಸಿಗೆ ಹಿಡಿದವರನ್ನು ಬೈದುಕೊಂಡೇ ಒಳಗೆ ಕರೆದು, ಆ ಬಿಸುಪಿನಲ್ಲಿ ಕೂರಿಸಿ ಟೀ ಕೊಡುತ್ತಿದ್ದಳು. ಪಕ್ಕದ ಅಂಗಡಿಯ ಟೈಲರು ಮರಗಟ್ಟಿದ ಬೆರಳು ಬಿಸಿ ಮಾಡಿಕೊಳ್ಳಲು ಬರುತ್ತಿದ್ದ. ಕಾಗದ ಹಂಚಿ ಸುಸ್ತಾದ ಅಂಚೆಯಣ್ಣ ಬರುತ್ತಿದ್ದ. ಶಾಲೆಯ ಲೆಕ್ಕದ ಮೇಷ್ಟ್ರು ಬರುತ್ತಿದ್ದರು. ಒಮ್ಮೆ ಅವರೆಲ್ಲರ ಮುಂದೆ ಶಾಲಕ್ಕ ಡಾಕ್ಟರಮ್ಮನ ಲೋಟಗಳ ಕಥೆ ಹೇಳಿದಾಗ, ಭಾವ ಭಟ್ಟಿಯ ಬಾಗಿಲಿನಿಂದ ಇಣುಕಿ, ಹಾಗಾದರೆ ಸೊಳ್ಳೆಯೂ ನಮ್ಮ ಈಸ್ಟಿನ ಹಾಗೆಯೇ, ತಣ್ಣಗಾದರೆ ಮಲಗುತ್ತದೆ, ಸುಟ್ಟರೆ ಸಾಯುತ್ತದೆ, ಬೆಚ್ಚಗಿಟ್ಟರೆ ಉಬ್ಬುತ್ತದೆ ಅಂದಿದ್ದರು. ಎಲ್ಲರೂ ನಕ್ಕಿದ್ದರು, ಎಲ್ಲರಿಗಿಂತ ಹೆಚ್ಚು ನಕ್ಕವಳು ಶಾಲಕ್ಕ.

ಆ ವರ್ಷ ಚಳಿಗಾಲದಲ್ಲಿ ಊರಿಗೆ ಜ್ವರ ಬಂತು. ಮೊದಲು ಮೇಷ್ಟ್ರು ಮಲಗಿದರು. ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಮೈಕೈ ನೋವು. ರಕ್ತ ನೋಡಿದ ಡಾಕ್ಟರಮ್ಮ ಡೆಂಗಿ ಅಂದರು. ಬೇಸಿಗೆಯಲ್ಲಿ ಬಯಲಿಗೆ ಹೋಗಿ ಬಂದವರು ಒಬ್ಬಿಬ್ಬರು ಈ ಜ್ವರ ಹೊತ್ತು ತರುವುದಿತ್ತು; ಮೇಷ್ಟ್ರು ಬೆಟ್ಟ ಇಳಿದೇ ಇರಲಿಲ್ಲ. ಆಮೇಲೆ ಟೈಲರು, ಆಮೇಲೆ ಅಂಚೆಯಣ್ಣ. ಇವರು ಮೂವರೂ ಬೇರೆ ಬೇರೆ ಬೀದಿಯವರು, ಬೇರೆ ಬೇರೆ ನಲ್ಲಿಯ ನೀರು. ನೆಲದ ಮೇಲೆ ಬೆಳಿಗ್ಗೆ ಇಬ್ಬನಿ ಗಟ್ಟಿಯಾಗುವ ಕಾಲದಲ್ಲಿ ಸೊಳ್ಳೆಯ ಜ್ವರವೆಂದರೆ ಊರು ನಂಬಲಿಲ್ಲ. ಡಾಕ್ಟರಮ್ಮ ನಂಬಿದರು, ಶಾಲಕ್ಕ ನಂಬಿದಳು. ಇಬ್ಬರೂ ಕೂತು ತಲೆ ಕೆಡಿಸಿಕೊಂಡರು. ಎಲ್ಲೋ ಒಂದು ಬೆಚ್ಚನೆಯ ಮೂಲೆ ನನ್ನ ಕಣ್ಣು ತಪ್ಪಿಸಿದೆ ಎಂದು ಶಾಲಕ್ಕನಿಗೆ ಊಟ ಸೇರಲಿಲ್ಲ. ಮೂವರ ಮನೆಗಳನ್ನೂ ಬೀದಿಗಳನ್ನೂ ಜಾಲಾಡಿದಳು. ಹೋಟೆಲಿನ ಫ್ರಿಜ್ಜನ್ನು ಮತ್ತೆ ಎಳೆದಳು, ಲಾಡ್ಜಿನವನ ಹತ್ತಿರ ಬೈಸಿಕೊಂಡಳು. ಎಲ್ಲ ಕಡೆಯೂ ಶಾಲು ಮೈಮೇಲೇ ಉಳಿಯಿತು. ದಿನದ ಕೊನೆಗೆ ಸೋತು ಬೇಕರಿಗೆ ಬಂದು, ಶಾಲು ತೆಗೆದು ಮೊಳೆಗೆ ಹಾಕಿ, ಬೆಂಚಿನ ಮೇಲೆ ಕೂತು, ಎಲ್ಲಿ ಹುಡುಕಲಿ ಅಕ್ಕಾ ಎಂದು ಕಾಲು ತುರಿಸಿಕೊಳ್ಳುತ್ತಿದ್ದಳು.

ಅಂಚೆಯಣ್ಣನ ಸ್ಥಿತಿ ಬಿಗಡಾಯಿಸಿತು. ಮೈಮೇಲೆ ಕೆಂಪು ಚುಕ್ಕೆ ಎದ್ದವು, ಒಸಡಿನಲ್ಲಿ ರಕ್ತ ಬಂತು. ಆಸ್ಪತ್ರೆಗೆ ಸೇರಿಸಬೇಕೆಂದು ಹೇಳಲು ಶಾಲಕ್ಕ ಅವನ ಮನೆಗೆ ಹೋದಾಗ ಅವನ ಹೆಂಡತಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಇಂಥ ಹೊತ್ತಿನಲ್ಲೂ ಒಳ್ಳೆಯ ಮಾತಿಗೆ ಕೊರತೆಯಿಲ್ಲದ ಹೆಂಗಸು.

“ನಿಮ್ಮಕ್ಕನಿಗೆ ಸ್ವಲ್ಪ ಹೇಳಿ, ಬೇಜಾರು ಮಾಡ್ಕೊಂಡಿರ್ತಾರೆ. ಇವರು ಟೀಗೆ ಹೋಗಿ ಎಷ್ಟು ದಿನ ಆಯ್ತೋ. ಟೈಲರೂ ಇಲ್ಲ, ಮೇಷ್ಟ್ರೂ ಇಲ್ಲ. ಪಾಪ, ಆ ಬೆಂಚು ಖಾಲಿ ಹೊಡೀತಿರಬೇಕು.”

ಶಾಲಕ್ಕ ಏನೋ ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಬೇರೆ ಬೇರೆ ಬೀದಿಯ, ಬೇರೆ ಬೇರೆ ನೀರಿನ ಮೂವರಿಗೂ ಒಂದೇ ಬೆಂಚು. ಅಕ್ಕನಿಗೆ ಬೇಕಾದವರಿಗೆಲ್ಲ ಜ್ವರ. ಇಷ್ಟು ವರ್ಷ ಊರಿನ ಮೂಲೆಮೂಲೆಯಲ್ಲಿ ಶಾಲು ಭಾರವಾಗುವುದನ್ನು ಕಾದು ನಿಂತವಳು, ದಿನವೂ ತಾನಾಗಿ ಶಾಲು ತೆಗೆಯುತ್ತಿದ್ದ ಒಂದೇ ಒಂದು ಜಾಗವನ್ನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಅಲ್ಲಿ ಶಾಲು ತೆಗೆಯುವುದು ಮನೆಗೆ ಬಂದೆನೆಂದು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಯಾರಿಗಾದರೂ ಹಾಗೆಯೇ ಅಲ್ಲವೇ? ಆದರೆ ಅವಳಿಗೆ ಆ ಸಮಾಧಾನ ಆಗಲೂ ಸಾಕಾಗಲಿಲ್ಲ, ಆಮೇಲೂ ಸಾಕಾಗಲಿಲ್ಲ. ಅಂಚೆಯಣ್ಣನನ್ನು ಗಾಡಿ ಹತ್ತಿಸಿ, ನೆಟ್ಟಗೆ ಬೇಕರಿಗೆ ನಡೆದಳು.

ನಡುಕೋಣೆಯ ಬಾಗಿಲಲ್ಲಿ ಅವಳು ಶಾಲು ತೆಗೆಯಲಿಲ್ಲ. ಹೊದ್ದ ಶಾಲಿನೊಳಗೆ ಮೈ ಬೆವರುವವರೆಗೆ ಸುಮ್ಮನೆ ನಿಂತಳು, ಆಮೇಲೆ ಮಂಡಿಯೂರಿ ಹಲಗೆಯ ಕೆಳಗೆ ಟಾರ್ಚ್ ಬಿಟ್ಟಳು. ಭಟ್ಟಿಯ ಪಕ್ಕದ ಬೋಗುಣಿಯಲ್ಲಿ ಏನೂ ಇರಲಿಲ್ಲ, ಅಲ್ಲಿ ನೀರು ಮುಟ್ಟಲಾರದಷ್ಟು ಬಿಸಿ. ಅಂಗಡಿಯ ಬಾಗಿಲ ಹತ್ತಿರದ್ದರಲ್ಲೂ ಇರಲಿಲ್ಲ, ಅದು ತಣ್ಣಗೆ ಕೊರೆಯುತ್ತಿತ್ತು. ನಡುವಿನವುಗಳಲ್ಲಿ, ಹಿಟ್ಟು ಚೆನ್ನಾಗಿ ಉಬ್ಬುವ ಹಲಗೆಗಳ ಕೆಳಗೆ, ಬೆಳಕು ಬಿದ್ದ ಕೂಡಲೇ ನೀರಿಡೀ ಕುಣಿಯಿತು. ಡಾಕ್ಟರಮ್ಮನ ಲೋಟಗಳನ್ನು ಯಾರೋ ಗೋಡೆಯುದ್ದಕ್ಕೂ ಜೋಡಿಸಿಟ್ಟ ಹಾಗಿತ್ತು. ಬೋಗುಣಿಯ ಒಳಮೈಯಲ್ಲಿ ನೀರಿನ ಅಂಚಿಗೆ ಕಪ್ಪು ಚುಕ್ಕೆಗಳ ಸಾಲು. ಆರುವುದು, ತುಂಬಿಸುವುದು, ಮತ್ತೆ ಆರುವುದು, ಮತ್ತೆ ತುಂಬಿಸುವುದು. ಪ್ರತಿ ಸಲ ನೀರು ಮೇಲೇರಿದಾಗ ಒಂದು ಸಾಲು ಮೊಟ್ಟೆ ಒಡೆದಿದೆ. ಬೇಸಿಗೆಯಲ್ಲಿ ಬಯಲಿನ ಹಿಟ್ಟಿನ ಲಾರಿಯ ಜೊತೆ ಸೊಳ್ಳೆಗಳು ಬರುವುದು, ಚಳಿ ಬಂದಾಗ ಸಾಯುವುದು ಪ್ರತಿ ವರ್ಷದ ಮಾತು. ಬೋಗುಣಿಗಳು ಹಿಂದಿನಿಂದಲೂ ಇದ್ದವು, ಆದರೆ ಸಾಯದೆ ಇರಲು ಸೊಳ್ಳೆಗಳು ಅಲ್ಲಿಗೆ ದಾರಿ ಕಂಡುಕೊಂಡದ್ದು ಈ ವರ್ಷ. ಚಳಿಗಾಲದ ಮೊದಲಲ್ಲಿ ಲಾರಿಯ ಡ್ರೈವರು ಮೈ ಬಿಸಿಯೆಂದು ಇದೇ ಬೆಂಚಿನ ಮೇಲೆ ಒಂದು ಹಗಲಿಡೀ ಮಲಗಿದ್ದು, ಅಕ್ಕ ಅವನಿಗೆ ತನ್ನದೇ ಶಾಲು ಹೊದೆಸಿದ್ದು ಅವಳಿಗೆ ನೆನಪಾಯಿತು.

ಅಕ್ಕ ಬಂದು ನೋಡಿದಳು. ಮೊದಲು ನಂಬಲಿಲ್ಲ, ಆಮೇಲೆ ನಂಬದಿರಲು ಆಗಲಿಲ್ಲ. ಈಗಲೇ ಎಲ್ಲವನ್ನೂ ಹಿತ್ತಲಿಗೆ ಸುರಿದು ತೊಳೆದುಬಿಡೋಣ, ಯಾರಿಗೂ ಹೇಳುವುದು ಬೇಡ, ಬಾಗಿಲು ಹಾಕು ಎಂದು ಬೋಗುಣಿ ಎತ್ತಲು ಬಗ್ಗಿದಳು. ಶಾಲಕ್ಕ ಅವಳ ಕೈ ಹಿಡಿದಳು.

“ಚೆಲ್ಲಿದ್ರೆ ಹುಳ ಹೋಗುತ್ತೆ ಅಕ್ಕಾ. ಆಗಲೇ ಹಾರಿರೋದು? ಇಲ್ಲಿ ಕೂತು ಕಚ್ಚಿಸ್ಕೊಂಡು ಮನೆಗೆ ಹೋಗಿರೋರು? ಅವರಿಗೆ ಜ್ವರ ಏರೋ ಮುಂಚೆ ಡಾಕ್ಟ್ರಿಗೆ ಗೊತ್ತಾಗ್ಬೇಕು. ಅಂಚೆಯಣ್ಣನ ಹಾಗೆ ಇನ್ನೊಬ್ಬರು ಆಗೋದು ಬೇಡ.”

“ಈ ಕೈಯಿಂದ ನಿನಗೆ ಉಣಿಸಿದೀನಿ ಪುಟ್ಟಿ. ಈ ಕೈಯಿಂದ ಒಂದು ಬನ್ನು ತಗೊಳ್ಳೋಕೂ ಊರು ಹೇಸೋ ಹಾಗೆ ಮಾಡ್ತೀಯ?”

ಶಾಲಕ್ಕ ಹಿಡಿದ ಕೈಯನ್ನು ಬಿಡಲಿಲ್ಲ. ಹೇಳಲು ಇದ್ದದ್ದು ಒಂದೇ ಮಾತು, ಅದನ್ನು ಅವಳು ಅಳುತ್ತಲೇ ಹೇಳಿದಳು. “ಬೇರೆಯವರ ಮನೆ ಆಗಿದ್ರೆ ಹೇಳ್ತಿದ್ದೆ ಅಕ್ಕಾ. ಇಲ್ಲೂ ಹೇಳ್ಲೇಬೇಕು.”

“ಹಾಗಾದ್ರೆ ಇನ್ಮೇಲೆ ನೀನೂ ಬೇರೆಯವಳೇ. ಬಂದ್ರೆ ಅಂಗಡಿ ಮುಂದೆ ನಿಂತ್ಕೊ.”

ಅವಳು ಹೋಗಿ ಹೇಳಿದಳು. ಆ ಬೇಕರಿಯಿಂದ ಆರೋಗ್ಯ ಕೇಂದ್ರಕ್ಕೆ ಬಹಳ ದೂರವಿಲ್ಲ, ಆದರೆ ಆ ದಾರಿ ನಡೆಯುವುದು ನಮ್ಮಲ್ಲಿ ಎಷ್ಟು ಜನರಿಂದ ಆದೀತು ಎಂದು ಕೇಳಿಕೊಂಡರೆ ನನಗಂತೂ ತಲೆ ತಗ್ಗಿಸಬೇಕೆನಿಸುತ್ತದೆ. ಸಾಕಿದ ಕೈಗೆ ನೋವು ಕೊಟ್ಟು, ಅದೇ ನೋವನ್ನು ತಾನೂ ಹೊತ್ತುಕೊಂಡು, ಒಂದು ಸಲವೂ ಹಿಂದಿರುಗಿ ನೋಡದೆ ನಡೆದಳು. ಡಾಕ್ಟರಮ್ಮ ಎದ್ದು, ಅವಳ ಭುಜದ ಮೇಲೆ ಕೈಯಿಟ್ಟು, ಜೊತೆಗೇ ಬಂದರು. ನಡುಕೋಣೆಗೆ ಮದ್ದು ಹೊಡೆದು ಬೀಗ ಹಾಕಿದರು. ಅಲ್ಲಿಗೆ ಬಂದುಹೋದವರ ರಕ್ತ ನೋಡಿದಾಗ, ಜ್ವರದ ಮೊದಲ ದಿನದಲ್ಲೇ ಇಬ್ಬರು ಸಿಕ್ಕಿ ಹಗುರವಾಗಿ ಪಾರಾದರು. ಅಕ್ಕನಿಗೂ ತಂಗಿಗೂ ಈ ರೋಗ ಬಂದು ಹೋಗಿತ್ತು ಎಂದು ತಿಳಿಯಿತು. ಹಿಂದಿನ ತಿಂಗಳು ಇಬ್ಬರಿಗೂ ಮೈ ಬೆಚ್ಚಗಾಗಿ ಒಂದು ದಿನ ಸುಸ್ತಾದದ್ದನ್ನು ನೆಗಡಿ ಎಂದುಕೊಂಡಿದ್ದರು. ಎಲ್ಲರೂ ಕಾಲು ತುರಿಸಿಕೊಂಡು, ಉಣ್ಣೆಯ ಕಾಲುಚೀಲ ಚುಚ್ಚುತ್ತದೆ ಎಂದು ಅದಕ್ಕೆ ಬೈದದ್ದೂ ಈಗ ಹೊರಗೆ ಬಂತು.

ಊರಿನ ಬಾಯಿ ಮುಚ್ಚಿಸಲು ಯಾರಿಂದ ಆಗುತ್ತದೆ? ಡಾಕ್ಟರಮ್ಮ ಯಾರ ಹೆಸರನ್ನೂ ಎತ್ತದಿದ್ದರೂ ಸಂಜೆಯಾಗುವಷ್ಟರಲ್ಲಿ ಕಟಿಂಗ್ ಶಾಪಿನ ಬೆಂಚಿಗೆ ಎಲ್ಲವೂ ಗೊತ್ತಿತ್ತು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬನ್ನು ಹಾಗೇ ಉಳಿಯತೊಡಗಿದವು. ಬ್ರೆಡ್ಡಿನಲ್ಲಿ ಸೊಳ್ಳೆ ಬಂದಿತಂತೆ ಎಂಬಲ್ಲಿಗೂ ಮಾತು ಬೆಳೆಯಿತು. ಹಿಟ್ಟಿಗೂ ಬ್ರೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಸೊಳ್ಳೆ ಕಚ್ಚಿದರೆ ಮಾತ್ರ ಜ್ವರ ಎಂದು ಶಾಲಕ್ಕ ಬಾಗಿಲು ಬಾಗಿಲಿಗೂ ಹೋಗಿ ಹೇಳಿದಳು. ಸೊಳ್ಳೆ ಹಿಡಿಯುವವಳ ಮನೆಯಲ್ಲೇ ಸೊಳ್ಳೆಯಂತೆ ಎಂದು ಮುಖಕ್ಕೆ ಹೊಡೆದಂತೆ ಅಂದವರಿಗೆ, ಹೌದು, ನಮ್ಮ ಮನೆಯಲ್ಲೂ ಸಿಕ್ಕಿತು, ಅದಕ್ಕೇ ನಿಮ್ಮ ಮನೆಯಲ್ಲೂ ನೋಡಬೇಕು ಅನ್ನುತ್ತಿದ್ದಳು. ವಿಚಿತ್ರವೆಂದರೆ ಈ ಮಾತು ಕೇಳಿದ ಮೇಲೆ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಲಾಡ್ಜಿನವನು ತಾನಾಗಿ ಬಾಯ್ಲರಿನ ಕೋಣೆಯ ಬೀಗ ತೆಗೆದು ಪಕ್ಕಕ್ಕೆ ನಿಂತ.

ಸಂಜೆ ಮಾತ್ರ ಅವಳು ಬೇಕರಿಗೆ ಹೋಗುವುದನ್ನು ಬಿಡಲಿಲ್ಲ. ಅಕ್ಕ ಹೇಳಿದ ಹಾಗೆಯೇ ಅಂಗಡಿಯ ಮುಂದೆ, ಹೊದ್ದ ಶಾಲಿನಲ್ಲೇ, ಗಿರಾಕಿಗಳ ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಂದು ಬನ್ನು ಕೇಳುತ್ತಿದ್ದಳು. ಅಕ್ಕ ಕಾಗದದಲ್ಲಿ ಸುತ್ತಿ ಗಾಜಿನ ಮೇಲಿಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಬೈಯಲಾದರೂ ಬೈಯುತ್ತಾಳೆಂದು ಶಾಲಕ್ಕ ಕಾಯುತ್ತಿದ್ದಳು, ಅದೂ ಇಲ್ಲ. ರೂಮಿಗೆ ಬಂದು ಆ ಬನ್ನನ್ನು ತಿನ್ನಲಾರದೆ ತಿನ್ನುತ್ತಿದ್ದಳು. ಊರಿನ ಜ್ವರ ಇಳಿಯುತ್ತಿತ್ತು, ಅವಳು ಗೆದ್ದಿದ್ದಳು, ಆದರೆ ಹೋಗಲು ಮನೆಯೇ ಇರಲಿಲ್ಲ.

ಬೀಗ ತೆಗೆದ ಮೇಲೆ ನಡುಕೋಣೆಯ ಕಥೆಯನ್ನು ಅವಳಿಗೆ ತಿಳಿಸುತ್ತಿದ್ದವರು ಭಾವ, ಹಿತ್ತಲ ಬೇಲಿಯ ಹತ್ತಿರ ನಿಂತು, ಕಳ್ಳನ ಹಾಗೆ. ಬೋಗುಣಿಗಳನ್ನೆಲ್ಲ ಉಜ್ಜಿ ಬೋರಲು ಹಾಕಿದ್ದರಂತೆ. ಅವುಗಳ ಬದಲು ಒದ್ದೆ ಬಟ್ಟೆ ನೇತುಹಾಕಿ ಹಿಟ್ಟು ಇಟ್ಟರಂತೆ. ಮೊದಲ ದಿನ ಅಕ್ಕ ಬೆಂಚಿನ ಮೇಲೆ ಕೂತು, ಅತ್ತೆಯ ನೀರು ಹೋಯಿತು, ಇನ್ನು ಹಿಟ್ಟು ಏಳುವುದಿಲ್ಲ ಎಂದು ಹಲಗೆಯನ್ನೇ ನೋಡುತ್ತಿದ್ದಳಂತೆ. ಹಿಟ್ಟು ಎಂದಿನಂತೆ ಎದ್ದಿತು. ಅಕ್ಕ ಅದನ್ನು ಬೆರಳಿನಿಂದ ಒತ್ತಿ ನೋಡಿ, ಬೋರಲು ಹಾಕಿದ್ದ ಬೋಗುಣಿಗಳನ್ನು ಎತ್ತಿ ಇನ್ನೊಮ್ಮೆ ತಾನೇ ಉಜ್ಜಿದಳಂತೆ. ನಿನ್ನ ವಿಷಯ ಎತ್ತಿದರೆ ಮಾತ್ರ ಎದ್ದು ಹೋಗುತ್ತಾಳೆ ಎಂದು ಭಾವ ತಲೆ ಕೆರೆದುಕೊಂಡರು.

ಅಂಚೆಯಣ್ಣ ಉಳಿದ. ಆಸ್ಪತ್ರೆಯಿಂದ ಬಂದು ಕೆಲವು ದಿನವಾದ ಮೇಲೆ, ಅಂಗಿಯೊಳಗೆ ಅರ್ಧಕ್ಕಿಳಿದ ಮೈಯಲ್ಲಿ, ಹೆಂಡತಿಯ ಭುಜ ಹಿಡಿದುಕೊಂಡು ಒಂದು ಸಂಜೆ ಬೇಕರಿಗೆ ಬಂದ. ಅಂಗಡಿಯ ಮುಂದೆ ಹಾಲಿನವನಿದ್ದ, ಲಾಡ್ಜಿನವನಿದ್ದ, ಸಾಲಿನ ಕೊನೆಯಲ್ಲಿ ಶಾಲಕ್ಕ ಇದ್ದಳು. ಅಂಚೆಯಣ್ಣನಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಅವನು ಹಲ್ಲು ಬಿಟ್ಟು, ಅಕ್ಕಾ, ಬಂದೆ ಅಂದ. ಅಕ್ಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊರಗೆ ಬಂದು ಅವನ ಮುಂದೆ ನಿಂತಳು. ಎರಡೂ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

“ನಿನಗೆ ಜ್ವರ ಬಂದಿದ್ದು ನನ್ನ ಮನೆಯಿಂದ ಕಣಪ್ಪ. ನಾನು ಇಟ್ಟ ನೀರಿಂದ. ಟೀ ಕುಡಿಸಿ ಸಾಯ್ಸೋಳಿದ್ದೆ. ಊರವರ ಬಾಯಿಂದ ಕೇಳೋ ಬದಲು ನನ್ನ ಬಾಯಿಂದ ಕೇಳು.”

ಸಾಲಿನಲ್ಲಿದ್ದವರು ನೆಲ ನೋಡಿದರು. ಶಾಲಕ್ಕ ಮಾತ್ರ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಗಂಟೆಗಟ್ಟಲೆ ಬೈದರೂ ಸುಸ್ತಾಗದ ಆ ಮುಖ ಇಷ್ಟು ಮಾತಿಗೇ ಸುಸ್ತಾಗಿತ್ತು. ಅಂಚೆಯಣ್ಣ ಹೆಂಡತಿಯ ಭುಜವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಆಸ್ಪತ್ರೆಯಲ್ಲಿ ಹೊರಳಾಡಿದ ದಿನಗಳೆಲ್ಲ ಅವನ ಕಣ್ಣ ಮುಂದೆ ಬಂದುಹೋಗಿರಬೇಕು. ಆಮೇಲೆ, ನಿಲ್ಲಲು ಆಗುತ್ತಿಲ್ಲ ಅಕ್ಕಾ, ಒಳಗೆ ಕೂರಬಹುದಾ, ಆ ಕೋಣೆ ಈಗ ಸರಿಯಿದೆಯಾ ಎಂದು ಮೆಲ್ಲಗೆ ಕೇಳಿದ.

ಅಕ್ಕ ಸಾಲಿನ ಕೊನೆಗೆ ನೋಡಿದಳು. “ಅದನ್ನ ನಾನು ಹೇಳಿದ್ರೆ ಆಗಲ್ಲ. ಹೇಳೋಳು ಅಲ್ಲಿ ನಿಂತಿದಾಳೆ, ಗಿರಾಕಿ ಹಾಗೆ. ಏ ಪುಟ್ಟಿ, ಒಳಗೆ ಬಾ. ಮೊದಲು ನೋಡು, ಟೀ ಆಮೇಲೆ.”

ಶಾಲಕ್ಕ ಗಿರಾಕಿಗಳನ್ನು ದಾಟಿ ಒಳಗೆ ಹೋದಳು. ನಡುಕೋಣೆಯಲ್ಲಿ ಹಿಟ್ಟು ಒದ್ದೆ ಬಟ್ಟೆಗಳ ನಡುವೆ ಬೆಚ್ಚಗೆ ಉಬ್ಬುತ್ತಿತ್ತು, ಬೋಗುಣಿಗಳು ಗೋಡೆಗೆ ಒರಗಿ ಬೋರಲು ಬಿದ್ದಿದ್ದವು. ಬಾಗಿಲ ಪಕ್ಕದ ಮೊಳೆ ಖಾಲಿಯಿತ್ತು. ಹೆಗಲ ಮೇಲೆ ಶಾಲು ಭಾರವೆನಿಸಿತು. ಕೈ ತಾನಾಗಿ ಶಾಲಿಗೆ ಹೋಯಿತು, ಅವಳು ತಡೆದಳು. ಮಂಡಿಯೂರಿ, ಟಾರ್ಚ್ ಬಿಟ್ಟು, ಹಲಗೆಯ ಕೆಳಗಿನ ಮೂಲೆಮೂಲೆಯನ್ನೂ ನೋಡಿದಳು. ಬೋಗುಣಿಗಳನ್ನು ಒಂದೊಂದಾಗಿ ತಿರುಗಿಸಿ ಒಳಮೈಗೆ ಬೆರಳಾಡಿಸಿದಳು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ನೋಡಿ ಮುಗಿದ ಮೇಲೆ ಶಾಲಕ್ಕ ಎದ್ದು, ಶಾಲು ತೆಗೆದು ಮೊಳೆಗೆ ಹಾಕಿದಳು.